ಹದಿನಾಲ್ಕನೆಯ ಪ್ರಶ್ನೆ

ಹದಿನಾಲ್ಕನೆಯ ಪ್ರಶ್ನೆಗೆ ಅಪ್ಪ ‘ಹೌದು’ ಎಂಬ ಚೌಕದೊಳಗೆ ಗುರುತು ಹಾಕಿದ್ದ. ‘ಕುಡಿದ ಸ್ಥಿತಿಯಲ್ಲಿ ಮನೆಯವರಿಗೆ ಗಾಯ ಮಾಡಿದ್ದುಂಟೆ?’ ಎಂಬುದು ಪ್ರಶ್ನೆ. ಅದರ ಕೆಳಗೆ ವಿವರಕ್ಕೆಂದು ಬಿಟ್ಟ ಎರಡು ಗೆರೆಗಳಲ್ಲಿ ಮೊದಲನೆಯದರ ಮೇಲೆ, ಕನ್ನಡಕದ ಅಂಗಡಿಯ ಚೀಟಿಗಳಲ್ಲಿ ಗಾಜಿನ ಅಳತೆ ಬರೆಯುವ ಅದೇ ಸಣ್ಣ ನೆಟ್ಟನೆ ಅಕ್ಷರದಲ್ಲಿ, ‘ಒಂದು ಸಲ. ಮಗಳಿಗೆ. ಎಡಗೈ’ ಎಂದು ಬರೆದಿದ್ದ. ಎರಡನೆಯ ಗೆರೆ ಖಾಲಿ ಇತ್ತು. ಫಾರಂ ಮೇಲೆ ಹೆಸರಿನ ಬದಲು ನಲವತ್ತೇಳು ಎಂಬ ಸಂಖ್ಯೆ ಇತ್ತು. ಭಾಗವಹಿಸುವವರ ಗುರುತು ಯಾರಿಗೂ ತಿಳಿಯಕೂಡದು ಎಂಬುದು, ಕುಡಿತ ಬಿಟ್ಟವರ ಬಗ್ಗೆ ಅವಳ ವಿಭಾಗ ನಡೆಸುತ್ತಿದ್ದ ಅಧ್ಯಯನದ ಮೊದಲ ನಿಯಮ. ಹುಟ್ಟಿದಾಗಿನಿಂದ ಇಪ್ಪತ್ತಾರು ವರ್ಷ ನೋಡುತ್ತ ಬಂದ ಕೈಬರಹಕ್ಕೆ ಯಾವ ನಿಯಮ? ಅವಳು ಕಂಪ್ಯೂಟರಿನಲ್ಲಿ ನಲವತ್ತೇಳನೆಯ ಸಾಲು ತೆರೆದು, ಹದಿಮೂರನೆಯ ಪ್ರಶ್ನೆಯವರೆಗೆ ತುಂಬಿ, ಹದಿನಾಲ್ಕಕ್ಕೆ ಬಂದು ಕೂತುಬಿಟ್ಟಿದ್ದಳು. ಹೌದಾದರೆ ಒಂದು, ಇಲ್ಲವಾದರೆ ಸೊನ್ನೆ. ಒಂದನ್ನು ಒತ್ತಲು ಬೆರಳು ಬರಲಿಲ್ಲ. ಸೊನ್ನೆ ಒತ್ತಿದರೆ ಅದು ಸಂಶೋಧನೆಯಲ್ಲಿ ಮೋಸ ಎಂದು ಅನ್ನಿಸಿತು, ಅನ್ನಿಸಿದ್ದೇ ತನ್ನ ಮೇಲೆ ತನಗೇ ರೇಗಿತು. ಮೋಸದ ಬಗ್ಗೆ ಮಾತಾಡುವ ಮುಖ ನೋಡು! ಫಾರಂನ ಬಲಮೂಲೆಯಲ್ಲಿ ವಿಭಾಗದ ಹಿರಿಯ ಸಂಶೋಧಕ ಅಳತೆಯಣ್ಣ ಪೆನ್ಸಿಲಿನಲ್ಲಿ ಬರೆದಿದ್ದ: ‘ಸಂದರ್ಶನ ಇಂದು, ಹನ್ನೊಂದು ಗಂಟೆ, ಧ್ವನಿಮುದ್ರಣ.’ ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತಾಗಿತ್ತು.

ಅಪ್ಪ ಅವಳ ಮೇಲೆ ಎಂದೂ ಕೈ ಎತ್ತಿದವನಲ್ಲ. ಅವನ ಕುಡಿತದಲ್ಲಿ ಅಂಥ ಗದ್ದಲ ಯಾವುದೂ ಇರಲಿಲ್ಲ. ಅಂಗಡಿಯಿಂದ ಬರುವಾಗಲೇ ಕುಡಿದಿರುತ್ತಿದ್ದ, ಊಟಕ್ಕೆ ಕೂರುತ್ತಿದ್ದ, ಅರ್ಧಕ್ಕೇ ಎದ್ದು ಹೋಗಿ ಮಲಗುತ್ತಿದ್ದ. ಬೆಳಿಗ್ಗೆ ಹಿಂದಿನ ಸಂಜೆಯ ಒಂದು ಮಾತೂ ಅವನ ತಲೆಯಲ್ಲಿ ಉಳಿದಿರುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಬಿಟ್ಟದ್ದೂ ಅಷ್ಟೇ ಸದ್ದಿಲ್ಲದೆ. ಒಂದು ಸೋಮವಾರ ನೇರ ಮನೆಗೆ ಬಂದ, ಮಂಗಳವಾರವೂ ಬಂದ, ತಿಂಗಳಾದ ಮೇಲೆ ಅಮ್ಮ “ಬಿಟ್ರಾ?” ಎಂದು ಕೇಳಿದ್ದಕ್ಕೆ “ಹೂಂ” ಎಂದ. ಅಲ್ಲಿಗೆ ಮುಗಿಯಿತು. ಕ್ಲಿನಿಕಲ್ ಸೈಕಾಲಜಿ ಓದುತ್ತಿದ್ದಾಗ ವ್ಯಸನದ ವಾರ್ಡಿನಲ್ಲಿ ರೋಗಿಗಳ ಕಥೆ ಬರೆದುಕೊಳ್ಳುತ್ತ ಅವಳಿಗೆ ಒಳಗೊಳಗೇ ಹೊಟ್ಟೆಕಿಚ್ಚಾಗುತ್ತಿತ್ತು. ಒಬ್ಬನ ಅಪ್ಪ ಬೆಲ್ಟು ಬಿಚ್ಚಿದವನು, ಇನ್ನೊಬ್ಬಳ ಗಂಡ ಹಾಸಿಗೆಗೆ ಬೆಂಕಿ ಇಟ್ಟವನು. ಅವರಿಗೆಲ್ಲ ಒಂದು ರೋಗಲಕ್ಷಣದ ಹೆಸರಿತ್ತು, ಪ್ರಶ್ನಾವಳಿಯಲ್ಲಿ ಅಂಕ ಇತ್ತು. ಅವಳ ಮನೆಯಲ್ಲಿ ಆದದ್ದಕ್ಕೆ ಯಾವ ಪ್ರಶ್ನಾವಳಿಯಲ್ಲೂ ಚೌಕ ಇರಲಿಲ್ಲ. ಬೇರೆಯವರ ಸುಟ್ಟ ಗಾಯ ಕಂಡು ಕರುಬುವವಳನ್ನು ಏನೆಂದು ಕರೆಯಬೇಕೋ ಅದೂ ಪಠ್ಯಪುಸ್ತಕದಲ್ಲಿ ಇರಲಿಲ್ಲ.

ಎಡಗೈಯ ಮೊಣಕೈ ಕೆಳಗಿನ ಕಲೆ ಶಾಲೆಯದು. ಐದನೆಯ ಕ್ಲಾಸಿನಲ್ಲಿ, ಮಧ್ಯಾಹ್ನದ ಗಂಟೆ ಹೊಡೆದಾಗ ಓಡಿ ಬಂದು ಮೆಟ್ಟಿಲ ಬುಡದ ಗಾಜಿನ ಬಾಗಿಲನ್ನು ತಳ್ಳಿದಳು. ಬಾಗಿಲು ತೆರೆಯಲಿಲ್ಲ, ಕೈ ಗಾಜು ಸೀಳಿಕೊಂಡು ಒಳಗೆ ಹೋಯಿತು. ಅಮ್ಮ ಕೆಲಸದಿಂದ ಓಡಿ ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಏಳು ಹೊಲಿಗೆ. ಆ ಸಂಜೆ ಊಟಕ್ಕೆ ಕೂತಾಗ ಅವಳು ಬ್ಯಾಂಡೇಜಿನ ಕೈಯನ್ನು ಬೇಕೆಂದೇ ಮೇಜಿನ ಮೇಲೆ, ಅಪ್ಪನ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಅಪ್ಪ ಉಪ್ಪಿನ ಡಬ್ಬಿಗೆ ಕೈ ಚಾಚಿದ. ಅವಳ ಕೈ ಅಡ್ಡ ಇತ್ತು. ಅದನ್ನು ಮುಟ್ಟದೆ ಸುತ್ತಿಬಳಸಿ ಡಬ್ಬಿ ತೆಗೆದುಕೊಂಡ. ಬೆಳಿಗ್ಗೆ ಅಮಲಿಳಿದ ಮೇಲಾದರೂ ಕೇಳುತ್ತಾನೆ ಎಂದು ಬೇಗ ಎದ್ದು ಬಾಗಿಲ ಹತ್ತಿರ ನಿಂತಳು. ಅವನು ಕೈ ನೋಡಿದ, ಚಪ್ಪಲಿ ಮೆಟ್ಟಿದ, ಹೋದ. ಹೊಲಿಗೆ ಬಿಚ್ಚುವವರೆಗೆ ಹನ್ನೆರಡು ದಿನ ಆ ಕೈಯನ್ನು ಅವನ ಕಣ್ಣೆದುರಿಗೆ ಆಡಿಸಿದಳು, ಬೇಡದಿದ್ದರೂ ಅದೇ ಕೈಯಲ್ಲಿ ನೀರು ತಂದುಕೊಟ್ಟಳು. ಒಂದು ಸಲವೂ ‘ಏನಾಯ್ತೇ’ ಎನ್ನಲಿಲ್ಲ. ಹತ್ತು ವರ್ಷದ ಹುಡುಗಿಗೆ ಆಗ ಆದ ಅವಮಾನ ಹೊಲಿಗೆಯ ನೋವಿಗಿಂತ ದೊಡ್ಡದಾಗಿತ್ತು.

ಆಘಾತ ಮತ್ತು ವ್ಯಸನ ಅಧ್ಯಯನ ವಿಭಾಗದಲ್ಲಿ ಪಿಎಚ್.ಡಿ.ಗೆ ಇದ್ದದ್ದು ನಾಲ್ಕು ಸೀಟು. ಅರ್ಜಿಯ ಕೊನೆಯಲ್ಲಿ ‘ಈ ಕ್ಷೇತ್ರವನ್ನೇ ಏಕೆ ಆರಿಸಿಕೊಂಡಿರಿ? ಒಂದು ಪುಟ ಮೀರದಂತೆ ಬರೆಯಿರಿ’ ಎಂದಿತ್ತು. ಅವಳು ಉಪ್ಪಿನ ಡಬ್ಬಿಯ ಕಥೆಯನ್ನೇ ಬರೆದಳು. ಬರೆದು ಅಳತೆಯಣ್ಣನಿಗೆ ತೋರಿಸಿದಳು. ಅವನು ವಿಭಾಗದಲ್ಲಿ ಅವಳಿಗಿಂತ ಐದು ವರ್ಷ ಹಿರಿಯ; ಅಳತೆಗೆ ಸಿಗದ ದುಃಖ ದುಃಖವೇ ಅಲ್ಲ ಎಂದು ನಂಬಿದವನಾದ್ದರಿಂದ ಎಲ್ಲರೂ ಕೂಡಿ ಆ ಹೆಸರಿಟ್ಟಿದ್ದರು. ಕ್ಯಾಂಟೀನಿನ ಒದ್ದೆ ಮೇಜಿನ ಮೇಲೆ ಪುಟವನ್ನು ಮೊಣಕೈಯಿಂದ ಒತ್ತಿಹಿಡಿದು ಓದಿ ಮುಗಿಸಿ ಅವನು ಹೇಳಿದ್ದ: “ಚೆನ್ನಾಗಿದೆ ಕಣಮ್ಮ. ಆದ್ರೆ ಇದರಲ್ಲಿ ಏನೂ ನಡೆದೇ ಇಲ್ವಲ್ಲ. ಕಮಿಟಿಯೋರು ಒಂದೊಂದು ಅರ್ಜೀನ ಮೂರು ನಿಮಿಷ ನೋಡ್ತಾರೆ. ಹೊಲಿಗೆ ಬಿತ್ತು ಅಂತೀಯ, ಹೇಗೆ ಬಿತ್ತು ಅಂತಾನೇ ಇಲ್ಲ.”

“ಅದು ಸ್ಕೂಲಲ್ಲಿ ಆಗಿದ್ದು.”

“ಸ್ಕೂಲಲ್ಲಿ ಆಗಿದ್ದನ್ನ ಇಲ್ಲಿ ಯಾಕೆ ಬರ್ದೆ ಮತ್ತೆ?”

ಅವಳು ಮನೆಗೆ ಹೋಗಿ ಪುಟ ಹರಿದು ಹೊಸದು ಬರೆದಳು. ಮೇಜು ಅದೇ, ಊಟ ಅದೇ, ಉಪ್ಪಿನ ಡಬ್ಬಿ ಹೋಗಿ ಗಾಜಿನ ಲೋಟ ಬಂತು. ಅಪ್ಪ ಎಸೆದ, ಲೋಟ ಅವಳ ಕೈಗೆ ಬಡಿದು ಒಡೆಯಿತು, ಏಳು ಹೊಲಿಗೆ. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಸುಳ್ಳಿಗೆ ಅಷ್ಟು ಸಲೀಸಾಗಿ ಅಳು ಬಂದದ್ದು ಕಂಡು ಅವಳಿಗೇ ಆಶ್ಚರ್ಯ. ನಾಲ್ಕು ಸೀಟುಗಳಲ್ಲಿ ಮೊದಲನೆಯದು ಅವಳಿಗೆ ಸಿಕ್ಕಿತು. ಅರ್ಜಿ ಕಪಾಟಿಗೆ ಸೇರುತ್ತದೆ, ಕಪಾಟಿಗೆ ಬೀಗ ಬೀಳುತ್ತದೆ, ಅಪ್ಪನಿಗೂ ಆ ಕಾಗದಕ್ಕೂ ಏನು ಸಂಬಂಧ ಎಂದು ಅಂದುಕೊಂಡಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬರೆದದ್ದು ಎಲ್ಲಿಗೂ ಹೋಗುವುದಿಲ್ಲ, ಇದ್ದಲ್ಲೇ ಇದ್ದು ಕಾಯುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಎರಡು ವಾರದ ಹಿಂದೆ, ವಾರ್ಡಿನಲ್ಲಿ ತಿಂಗಳಿಗೊಮ್ಮೆ ನಡೆಯುವ ಕೂಟಕ್ಕೆ ಅಪ್ಪನನ್ನು ಕರೆಸಬೇಕೆಂದು ಮೇಡಂ ಹೇಳಿದಾಗ ಬೇಡ ಎನ್ನಲು ಅವಳಿಗೆ ಕಾರಣ ಹೊಳೆಯಲಿಲ್ಲ. ಮೇಡಂ ಎಂದರೆ ವಿಭಾಗದ ಮುಖ್ಯಸ್ಥೆ, ಅವಳ ಮಾರ್ಗದರ್ಶಕಿ. ಕುಡಿತ ಬಿಟ್ಟು ಬಹಳ ವರ್ಷವಾದವರೊಬ್ಬರು ಬಂದು ಹೊಸ ರೋಗಿಗಳ ಮುಂದೆ ನಾಲ್ಕು ಮಾತಾಡುವ ಕೂಟ ಅದು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ನಿಂತು, ಆರು ನಿಮಿಷ ಮಾತಾಡಿದ. “ಹೇಗೆ ಬಿಟ್ರಿ ಅಂತ ಕೇಳ್ತಾರೆ. ನಂಗೊತ್ತಿಲ್ಲ. ಬೆಳಿಗ್ಗೆ ಹಲ್ಲುಜ್ಜಿ, ಕೆಲಸಕ್ಕೆ ಹೋಗಿ, ಸಂಜೆ ಬೇರೆ ದಾರಿ ಹಿಡಿದು ಮನೆಗೆ ಬನ್ನಿ. ಆ ದಾರಿ ಸ್ವಲ್ಪ ಸುತ್ತು. ಅಷ್ಟೇ ಕಷ್ಟ” ಎಂದದ್ದಕ್ಕೆ ರೋಗಿಗಳೆಲ್ಲ ನಕ್ಕರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವಳಿಗೆ ಹೆಮ್ಮೆಯಾಯಿತು. ಆಮೇಲೆ ಟೀ ಹೊತ್ತಿನಲ್ಲಿ ಮೇಡಂ ಅಪ್ಪನ ಎರಡೂ ಕೈ ಹಿಡಿದುಕೊಂಡು, “ಆ ಗಾಜಿನ ಲೋಟದ ಬಗ್ಗೆ ನಿಮ್ಮ ಮಗಳು ಬರೆದಿದ್ದನ್ನ ಓದಿ ನಮ್ಮ ಕಮಿಟೀಲಿ ಒಬ್ರು ಕಣ್ಣೊರೆಸಿಕೊಂಡ್ರು ಸರ್. ಏಳು ಹೊಲಿಗೆ ಅಂದ್ರೆ ಆಟಾನಾ? ಅದನ್ನೆಲ್ಲ ದಾಟಿ ಬಂದು ಇವತ್ತು ಇಲ್ಲಿ ನಿಂತ್ರಿ ನೋಡಿ, ಅದು ದೊಡ್ಡತನ” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಒಳ್ಳೆಯ ಮನಸ್ಸಿನವರಿಂದಲೇ ಇಂಥ ಅನಾಹುತ ಆಗುವುದು.

ಯಾವ ಲೋಟ ಎಂದು ಅಪ್ಪ ಕೇಳಲಿಲ್ಲ. ಕೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಅವಳ ಕಡೆ ತಿರುಗಿ ಎಡಗೈ ನೋಡಿದ. ಅವಳು ತುಂಬುತೋಳಿನ ಅಂಗಿ ಹಾಕಿದ್ದಳು, ಆದರೂ ಸರಿಯಾಗಿ ಮೊಣಕೈ ಕೆಳಗಿನ ಆ ಜಾಗವನ್ನೇ ನೋಡಿದ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಮೇಜಿನ ಮೇಲಿಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಕೂರಲಿಲ್ಲ, ಕಂಬಿ ಹಿಡಿದು ನಿಂತೇ ಬಂದ. ಮಾರನೆಯ ದಿನ ಮನೆಯ ಗಾಜಿನ ಲೋಟಗಳನ್ನೆಲ್ಲ ಕಾಗದದಲ್ಲಿ ಸುತ್ತಿ ಅಟ್ಟದ ಮೇಲಿಟ್ಟು ಸ್ಟೀಲಿನವು ತಂದ. ಊಟಕ್ಕೆ ಅವಳೆದುರು ಕೂರುವುದನ್ನು ಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದು ಗಾದೆ. ಕುಂಬಳಕಾಯಿಯನ್ನೇ ಕದಿಯದವನು ಹೆಗಲು ಮುಟ್ಟಿಕೊಂಡು ತಿರುಗುವುದನ್ನು ಅವಳು ಎರಡು ವಾರ ನೋಡಿದಳು. ಇವತ್ತು ಹೇಳಬೇಕು ಎಂದು ದಿನಾ ಬೆಳಿಗ್ಗೆ ಅಂದುಕೊಂಡಳು, ನಾಳೆ ಹೇಳೋಣ ಎಂದು ದಿನಾ ಸಂಜೆ ಅಂದುಕೊಂಡಳು. ವಾರ್ಡಿನಲ್ಲಿ ‘ನಾಳೆಯಿಂದ ಬಿಡ್ತೀನಿ’ ಎನ್ನುವವರ ಮುಖ ನೋಡಿ ಗುಟ್ಟಾಗಿ ನಗುತ್ತಿದ್ದವಳು ಅವಳೇ. ಇಷ್ಟರಲ್ಲಿ ಅಪ್ಪ ಯಾವಾಗಲೋ ಬಂದು ಮೇಡಂ ಹತ್ತಿರ ಈ ಫಾರಂ ಪಡೆದಿದ್ದ, ತುಂಬಿ ಕೊಟ್ಟಿದ್ದ, ಮನೆಯಲ್ಲಿ ಚಕಾರ ಎತ್ತಿರಲಿಲ್ಲ.

ಅವಳು ಫಾರಂ ಹಿಡಿದುಕೊಂಡೇ ಮೇಡಂ ಕೋಣೆಗೆ ಹೋದಳು. ಎರಡು ಕುರ್ಚಿ ಎದುರುಬದುರು ಅಲ್ಲದೆ ಸ್ವಲ್ಪ ಓರೆಯಾಗಿ ಹಾಕಿದ ಕೋಣೆ, ಕೈಗೆ ಎಟುಕುವಲ್ಲಿ ಕಾಗದದ ಕರವಸ್ತ್ರದ ಡಬ್ಬಿ, ಬಂದವರಿಗೆ ಕಾಣದಂತೆ ಅವರ ಬೆನ್ನ ಹಿಂದಿನ ಗೋಡೆಗೆ ಗಡಿಯಾರ. ಹೀಗೆ ಇಡಬೇಕು ಎಂದು ಅವಳಿಗೂ ಕಲಿಸಿದ್ದರು. ಇವತ್ತು ರೋಗಿಯ ಕುರ್ಚಿಯಲ್ಲಿ ಕೂತು ಹೊತ್ತೆಷ್ಟಾಯಿತು ಎಂದು ತಿಳಿಯದೆ ಕಸಿವಿಸಿಯಾಯಿತು. ಒಂದೇ ಉಸಿರಿಗೆ ಹೇಳಿಬಿಟ್ಟಳು: ಲೋಟ ಸುಳ್ಳು, ಗಾಯ ಶಾಲೆಯದು, ಸೀಟಿಗಾಗಿ ಬರೆದದ್ದು, ಅಪ್ಪನ ಸಂದರ್ಶನ ನಿಲ್ಲಿಸಿ.

ಮೇಡಂ ಕರವಸ್ತ್ರದ ಡಬ್ಬಿಯನ್ನು ಅವಳ ಕಡೆ ಒಂದಿಷ್ಟು ಸರಿಸಿದಳು.

“ಅಪ್ಪನ ಮುಖ ನೋಡೋಕೆ ಆಗ್ತಿಲ್ಲ, ಅಲ್ವಾ?”

“ಅದಲ್ಲ ಮೇಡಂ. ನಿಜವಾಗ್ಲೂ ಆಗಿಲ್ಲ.”

“ನೋಡಮ್ಮ, ಮೊದಲು ಬಾಯಿ ಬಿಟ್ಟು ಹೇಳೋದು, ಆಮೇಲೆ ಮನೆಯೋರ ಸಂಕಟ ನೋಡಿ ಹಾಗೇನೂ ಆಗ್ಲೇ ಇಲ್ಲ ಅಂತ ವಾಪಸ್ ತಗೊಳ್ಳೋದು. ಇದನ್ನ ನೀನೇ ಕಳೆದ ತಿಂಗಳು ಸೆಮಿನಾರಲ್ಲಿ ಹೇಳಿದ್ದಲ್ವಾ? ವಾಪಸ್ ತಗೊಂಡ್ರು ಅಂತ ಮೊದಲು ಹೇಳಿದ್ದು ಸುಳ್ಳಾಗಲ್ಲ ಅಂತ?”

ಹೇಳಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ತಾನು ಹೆಣೆದ ಬಲೆಯಲ್ಲಿ ತಾನೇ ಸಿಕ್ಕಿಬಿದ್ದದ್ದಕ್ಕೆ ನಗಬೇಕೋ ಅಳಬೇಕೋ ತಿಳಿಯದೆ ಅವಳು, “ಮೇಡಂ, ನಾನು ಸುಳ್ಳುಗಾರ್ತಿ ಅಂತ ನಾನೇ ಹೇಳ್ತಿದ್ದೀನಿ, ಅದನ್ನಾದ್ರೂ ನಂಬಿ” ಎಂದು ದನಿ ಏರಿಸಿದಳು.

“ಅಷ್ಟು ಖಚಿತ ಇದ್ರೆ ಬರೆದುಕೊಡು” ಮೇಡಂ ಶಾಂತವಾಗಿಯೇ ಹೇಳಿದಳು, ಬಿಳಿ ಹಾಳೆ ಪೆನ್ನು ಮುಂದಿಟ್ಟಳು. “ಕಮಿಟಿ ಮುಂದೆ ಇಡ್ತೀನಿ. ಸೀಟು ಹೋಗತ್ತೆ. ಬೇರೆ ಕಡೆ ಸಿಗೋದೂ ಕಷ್ಟ. ಆದ್ರೆ ಬರೆದುಕೊಟ್ರೆ ಇಡ್ತೀನಿ.”

ಹಾಳೆ ಅಲ್ಲೇ ಇತ್ತು. ಪೆನ್ನೂ ಇತ್ತು. ಅವಳ ಕೈ ಮಡಿಲಿನಿಂದ ಏಳಲಿಲ್ಲ. ಆರು ವರ್ಷದ ಓದು, ಹಾಸ್ಟೆಲಿನ ಕೋಣೆ ಬಿಟ್ಟು ಮನೆಗೆ ವಾಪಸು ಬಂದದ್ದು, ಜೊತೆಯವರ ಮದುವೆಗಳಿಗೆಲ್ಲ ಪರೀಕ್ಷೆ ಇದೆ ಎಂದು ತಪ್ಪಿಸಿಕೊಂಡದ್ದು, ಯಾವುದೂ ಆಗ ನೆನಪಾಗಲಿಲ್ಲ. ಸುಮ್ಮನೆ ಹೆದರಿಕೆಯಾಯಿತು, ಅಷ್ಟೇ. “ನೋಡಿದ್ಯಾ?” ಎಂದಳು ಮೇಡಂ ಮೃದುವಾಗಿ. “ಮನಸ್ಸಿಗೆ ಗೊತ್ತಿರತ್ತೆ ಯಾವುದು ನಿಜ ಅಂತ.” ಆ ಮಾತು ಕೇಳಿ ಒಂದು ಗಳಿಗೆ ಅವಳಿಗೆ ನಿರಾಳವಾಯಿತು. ಹೇಳಿದ್ದಾಯಿತು, ನಂಬದಿದ್ದರೆ ತಾನೇನು ಮಾಡಲಿ. ಹೊರಗೆ ಬಂದು ಬಾಗಿಲು ಎಳೆದುಕೊಂಡ ಮೇಲೆ ಆ ನಿರಾಳದ ಬಗ್ಗೆ ಎಷ್ಟು ನಾಚಿಕೆಯಾಯಿತೆಂದರೆ ಎದುರಿಗೆ ಬಂದ ನರ್ಸಿನ ಮುಖವನ್ನೂ ನೋಡಲಿಲ್ಲ.

ಕಾರಿಡಾರಿನಲ್ಲಿ ಅಳತೆಯಣ್ಣ ಧ್ವನಿಮುದ್ರಣದ ಯಂತ್ರಕ್ಕೆ ಬ್ಯಾಟರಿ ತುಂಬುತ್ತ ನಿಂತಿದ್ದ. “ನಿಮಗೆ ನೆನಪಿದೆಯಲ್ಲ, ಕ್ಯಾಂಟೀನಲ್ಲಿ ನಾನೇ ಹೇಳಿದ್ದೆ, ಇದು ಸ್ಕೂಲಲ್ಲಿ ಆಗಿದ್ದು ಅಂತ” ಎಂದಳು. ಅವನು ತಲೆಯೆತ್ತದೆ, “ನೆನಪಿದೆ. ಆವಾಗ್ಲೇ ಅನುಮಾನ ಬಂತು. ಸ್ಕೂಲಲ್ಲಿ ಆಗಿದ್ದನ್ನ ಯಾರಾದ್ರೂ ಅಪ್ಪನ ಬಗ್ಗೆ ಬರೆಯೋ ಪುಟದಲ್ಲಿ ಬರೀತಾರಾ? ಬಚ್ಚಿಟ್ಟುಕೊಂಡಿದ್ದೀಯ ಅಂದ್ಕೊಂಡೆ. ಎರಡನೇ ಸಲ ಬರ್ದಾಗ ಹೊರಗೆ ಬಂತು” ಎಂದ. ಬ್ಯಾಟರಿ ಕೂತು ಯಂತ್ರ ಕೀಂ ಎಂದಿತು. ಇನ್ನೇನು ಹೇಳಿದರೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಎಂದುಕೊಂಡು ಅವಳು ಮುಂದೆ ನಡೆದಳು.

ನಿಜ ಗೊತ್ತಿದ್ದ ಇನ್ನೊಂದು ಜೀವ ಅಮ್ಮ. ಶಾಲೆಗೆ ಬಂದವಳು, ರಕ್ತ ಒರೆಸಿದವಳು, ಹೊಲಿಗೆ ಹಾಕುವಾಗ ಕಣ್ಣು ಮುಚ್ಚಿಸಿದವಳು. ಅವಳು ಒಂದು ಮಾತು ಹೇಳಿದರೆ ಅಪ್ಪ ನಂಬುತ್ತಾನೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯ ಕೌಂಟರಿನಲ್ಲಿ ಅಮ್ಮನ ಕೆಲಸ. ಫೋನು ಎತ್ತಿದಾಗ ಹಿಂದೆ ಯಂತ್ರಗಳ ಗುಯ್‌ಗುಟ್ಟುವಿಕೆ, ಯಾರೋ ಕೋಟಿನ ಗುಂಡಿ ಕಾಣೆಯಾಗಿದೆ ಎಂದು ಜಗಳ ತೆಗೆದಿದ್ದರು. ಮೆಟ್ಟಿಲ ಮೂಲೆಯಲ್ಲಿ ನಿಂತು ಅವಳು ಎಲ್ಲವನ್ನೂ ಹೇಳಿದಳು. ಅಮ್ಮ “ಒಂದ್ನಿಮಿಷ ಇರು” ಎಂದು ಗುಂಡಿಯವರನ್ನು ಸಾಗಹಾಕಿ ಬಂದಳು.

“ಗೊತ್ತು. ನಿಮ್ಮಪ್ಪ ಆವತ್ತೇ ಬಂದು ನನ್ನ ಕೇಳಿದ್ರು.”

“ಏನಂದೆ?”

“ಏನೂ ಅನ್ಲಿಲ್ಲ.”

“ಅಮ್ಮಾ! ಬಾಗಿಲ ಗಾಜು ಅಂತ ನಿನಗೆ ಗೊತ್ತಿಲ್ವಾ? ಹನ್ನೊಂದು ಗಂಟೆಗೆ ಅವನು ಬಂದು ಮಾಡದೇ ಇರೋದನ್ನ ಮಾಡಿದ್ದೀನಿ ಅಂತ ರೆಕಾರ್ಡ್ ಮಾಡಿಸ್ತಾನೆ. ಈಗಲೇ ಫೋನ್ ಮಾಡಿ ಹೇಳು.”

ಯಂತ್ರ ಒಂದು ನಿಂತು ಇನ್ನೊಂದು ಶುರುವಾಯಿತು. ಅಮ್ಮ ದನಿ ತಗ್ಗಿಸಿದಳು. “ಹದಿನೈದು ವರ್ಷ ನಾನು ಒಬ್ಬಳೇ ಎದ್ದು ಬಾಗಿಲು ಹಾಕಿದ್ದೀನಿ, ಒಬ್ಬಳೇ ನಿನ್ನನ್ನ ಆಸ್ಪತ್ರೆಗೆ ಎತ್ಕೊಂಡು ಓಡಿದ್ದೀನಿ. ಮಾಡಿದ್ದಕ್ಕೆ ಒಂದು ದಿನ ತಪ್ಪಾಯ್ತು ಅಂದೋರಲ್ಲ. ಈ ಎರಡು ವಾರದಿಂದ ನನಗಿಂತ ಮುಂಚೆ ಏಳ್ತಾರೆ, ಪಾತ್ರೆ ತೊಳೀತಾರೆ. ಮೊನ್ನೆ ಅಡುಗೆಮನೇಲಿ ನಿಂತು ತಪ್ಪಾಯ್ತು ಕಣೇ ಅಂತ ಅತ್ರು. ಮಾಡಿದ್ದಕ್ಕಂತೂ ಕೇಳ್ಲಿಲ್ಲ, ಮಾಡದೇ ಇರೋದಕ್ಕಾದ್ರೂ ಕೇಳ್ಲಿ ಬಿಡು.”

“ಇದು ಅನ್ಯಾಯ ಅಮ್ಮ.”

“ಸುಳ್ಳು ಬರ್ದಿದ್ದು ನಾನಾ?” ಎಂದು ಅಮ್ಮ ಫೋನಿಟ್ಟಳು.

ಅವಳಿಗೆ ಸಿಟ್ಟು ಬಂತು. ಅಮ್ಮನ ಮೇಲೆ ಎಂದುಕೊಂಡಳು, ಆದರೆ ಅಮ್ಮನ ಮಾತಿನಲ್ಲಿ ತಪ್ಪು ಹುಡುಕಲು ಹೋದರೆ ಸಿಗಲಿಲ್ಲ. ಕಥೆಯ ನಿಜವನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಿಂದ ಬಾಗಿಲಿಗೆ ಹೋದರೆ ಯಾರಿಗೂ ಬೇಡ. ಸುಳ್ಳಾದರೋ ಎಲ್ಲರ ಕೆಲಸಕ್ಕೂ ಬರುತ್ತಿದೆ: ಮೇಡಂಗೆ ಒಂದು ಧೈರ್ಯವಂತ ಶಿಷ್ಯೆ, ಅಳತೆಯಣ್ಣನಿಗೆ ಅಳೆಯಲು ಒಂದು ಗಾಯ, ಅಮ್ಮನಿಗೆ ತಪ್ಪಾಯ್ತು ಎನ್ನುವ ಗಂಡ. ತನಗೆ ಸೀಟು. ಹಿಂದೆ ಬೆಡ್‌ಶೀಟು ಇಡುವ ಉಗ್ರಾಣವಾಗಿದ್ದ, ಸಂಶೋಧನಾ ವಿದ್ಯಾರ್ಥಿಗಳ ಕೋಣೆಗೆ ಹೋಗಿ, ಒಂದು ಗಾಲಿ ಮುರಿದ ಕುರ್ಚಿಯಲ್ಲಿ ಕೂತು, ಬಿಳಿ ಹಾಳೆ ಎಳೆದುಕೊಂಡಳು. ಮೇಡಂ ಎದುರು ಏಳದ ಕೈ ಈಗ ಎದ್ದಿತು. ‘ನನ್ನ ಅರ್ಜಿಯಲ್ಲಿ ಬರೆದ ಘಟನೆ ನಡೆದಿಲ್ಲ. ನನ್ನ ತಂದೆ ನನಗೆ ಎಂದೂ ಗಾಯ ಮಾಡಿಲ್ಲ. ಈ ಸುಳ್ಳಿನ ಆಧಾರದ ಮೇಲೆ ಸಿಕ್ಕ ಸೀಟನ್ನು ಬಿಟ್ಟುಕೊಡುತ್ತಿದ್ದೇನೆ.’ ಸಹಿ ಮಾಡಿದಳು. ಬರೆದು ಮುಗಿಸುವಾಗ ಹತ್ತೂ ಮುಕ್ಕಾಲು. ಮೊದಲು ಅಪ್ಪನಿಗೆ ತೋರಿಸಬೇಕು, ಆಮೇಲೆ ಮೇಡಂಗೆ. ಕಾಗದ ನೋಡಿದ ಮೇಲೆ ಅಪ್ಪ ನಂಬಲೇಬೇಕು. ಯಾರಾದರೂ ಸುಳ್ಳಿಗಾಗಿ ಸೀಟು ಬಿಡುತ್ತಾರೆಯೇ?

ಅಪ್ಪ ಆಗಲೇ ಬಂದು ಸಂದರ್ಶನದ ಕೋಣೆಯ ಹೊರಗಿನ ಬೆಂಚಿನ ತುದಿಯಲ್ಲಿ ಕೂತಿದ್ದ. ಕೂಟದ ದಿನ ಹಾಕಿದ್ದ ಅದೇ ಅಂಗಿ. ಗಾಜು ತಿಕ್ಕಿ ತಿಕ್ಕಿ ನುಣುಪಾದ ಬೆರಳುಗಳನ್ನು ಮೊಣಕಾಲ ಮೇಲೆ ಸಾಲಾಗಿ ಇಟ್ಟುಕೊಂಡಿದ್ದ. ಅವಳನ್ನು ಕಂಡು ಏಳಲು ಹೋದ, ಮಗಳ ಮುಂದೆ ಯಾಕೆ ಏಳುತ್ತಿದ್ದೇನೆ ಎಂದು ಹೊಳೆದು ಅರ್ಧಕ್ಕೇ ಕೂತ. ಅವಳು ಪಕ್ಕದಲ್ಲಿ ಕೂತು ಮಾತಿಗೆ ಅವಕಾಶ ಕೊಡದೆ ಕಾಗದವನ್ನು ಅವನ ಕೈಗಿಟ್ಟಳು. ಅಪ್ಪ ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ಅಂಚಿಗೆ ಒರೆಸಿ, ಹಾಕಿಕೊಂಡು ಓದಿದ. ಎರಡು ಸಲ ಓದಿದ.

“ನನಗೋಸ್ಕರ ಸೀಟೂ ಬಿಡ್ತೀಯೇನೇ ಪೀಚು?”

ಸಣ್ಣವಳಿದ್ದಾಗ ಪೀಚಲಾಗಿದ್ದಳೆಂದು ಅಪ್ಪ ಇಟ್ಟ ಹೆಸರು. ಕೇಳಿ ಬಹಳ ವರ್ಷವಾಗಿತ್ತು.

“ನಿನಗೋಸ್ಕರ ಅಲ್ಲ ಅಪ್ಪ. ನಿಜ ಅದು. ಸ್ಕೂಲಿನ ಬಾಗಿಲ ಗಾಜಿಗೆ ಕೈ ಕೊಟ್ಟೆ. ನೀನು ಅಂಗಡೀಲಿ ಇದ್ದೆ. ನೀನು ಏನೂ ಮಾಡಿಲ್ಲ.”

ಅಪ್ಪ ಕಾಗದವನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿದ, ಮತ್ತೆ ಮಡಿಚಿದ. “ಅಂಗಿ ತೋಳು ಮೇಲೆತ್ತು” ಎಂದ. ಅವಳು ಎತ್ತಿದಳು. ಅವನು ಅವಳ ಮುಂಗೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ಅಂಗಡಿಯಲ್ಲಿ ಗಾಜನ್ನು ಪರೀಕ್ಷಿಸುವಂತೆ ಒಂದು ಕಣ್ಣು ಕಿರಿದು ಮಾಡಿ ಕಲೆಯನ್ನು ನೋಡಿದ. “ಮೂವತ್ತು ವರ್ಷ ಗಾಜಿನ ಕೆಲಸ ಮಾಡಿದ್ದೀನಿ ಕಣೇ. ಬಾಗಿಲ ಗಾಜು ಚಪ್ಪಟೆ. ನೇರ ಗೀರತ್ತೆ. ಇದು ನೋಡು, ಬಾಗಿದೆ. ಲೋಟದ ಚೂರಿಗೆ ಬಾಗಿರತ್ತೆ.”

“ಅಪ್ಪಾ, ಹತ್ತು ವರ್ಷದವಳ ಕೈ ಬೆಳೆದು ಇಷ್ಟುದ್ದ ಆಗಿದೆ. ಚರ್ಮ ಎಳೆದುಕೊಂಡು ಬಾಗಿದೆ. ಆಗ ನೋಡಿದ್ರೆ ನೇರಾನೇ ಇತ್ತು. ನೀನು ಆಗ ನೋಡ್ಲಿಲ್ಲ!” ಕೊನೆಯ ಮಾತು ಕಿರುಚಿದಂತೆ ಬಂತು. ಎದುರು ಬಾಗಿಲಲ್ಲಿದ್ದ ಕಾವಲುಗಾರ ತಿರುಗಿ ನೋಡಿದ.

“ನೋಡ್ದೆ” ಎಂದ ಅಪ್ಪ. “ಮಾರನೇ ದಿನ ಬೆಳಿಗ್ಗೆ ಬಾಗಿಲ ಹತ್ರ ನಿಂತಿದ್ದೆ ನೀನು. ಬ್ಯಾಂಡೇಜ್ ಕಾಣಿಸ್ತು. ಹಿಂದಿನ ಸಂಜೆ ಏನಾಯ್ತು ಅಂತ ಒಂದು ಚೂರೂ ತಲೇಲಿಲ್ಲ. ಕೇಳೋಣ ಅಂತ ಬಾಯಿವರೆಗೆ ಬಂತು. ಕೇಳಿ, ನೀನೇ ಮಾಡಿದ್ದು ಅಪ್ಪ ಅಂದುಬಿಟ್ರೆ? ಅದಕ್ಕೇ ಕೇಳ್ಲಿಲ್ಲ. ಅವತ್ತೂ ಕೇಳ್ಲಿಲ್ಲ, ಬಿಟ್ಟ ಮೇಲೂ ಕೇಳ್ಲಿಲ್ಲ. ಹದಿನಾರು ವರ್ಷ ನಾನೇ ಇರಬಹುದೇನೋ, ಇರಲಾರದೇನೋ ಅಂತ ಇದ್ದೆ. ಆ ಮೇಡಂ ಹೇಳಿದಾಗ, ನಿಜ ಹೇಳ್ತೀನಿ, ಒಂಥರಾ ಸಮಾಧಾನ ಆಯ್ತು. ಗೊತ್ತಾಯ್ತಲ್ಲ ಅಂತ.”

ಆ ಬೆಳಿಗ್ಗೆ ಕೈ ನೋಡಿ, ಚಪ್ಪಲಿ ಮೆಟ್ಟಿ ಹೋದವನು ಹೆದರಿ ಹೋದವನು ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ, ಓದಿದ ಯಾವ ಪುಸ್ತಕದ ದೆಸೆಯಿಂದಲೂ, ಅವಳಿಗೆ ಹೊಳೆದಿರಲಿಲ್ಲ. ಅದನ್ನೇ ಬರೆಯಬಹುದಿತ್ತು. ಅದೇ ಒಂದು ಪುಟ ಆಗುತ್ತಿತ್ತು. “ಅಮ್ಮನ್ನ ಕೇಳಿದ್ಯಲ್ಲ, ಅವಳು ಹೌದು ಅಂದ್ಳಾ?” ಎಂದು ಕೊನೆಯ ಪ್ರಯತ್ನವೆಂಬಂತೆ ಕೇಳಿದಳು.

“ಇಲ್ಲ ಅಂತಾನೂ ಅನ್ಲಿಲ್ಲ. ಪಾಪ, ಅವಳು ಹೇಗೆ ಹೇಳ್ತಾಳೆ?” ಅಪ್ಪ ನೆಲ ನೋಡುತ್ತ ಮುಂದುವರಿಸಿದ. “ಈಗ ಸ್ವಲ್ಪ ಸ್ವಲ್ಪ ನೆನಪಾಗ್ತಿದೆ ಕಣೇ. ಲೋಟ ದಪ್ಪ ತಳದ್ದು. ನೀನು ಮೇಜಿನ ಆ ಕಡೆ ಇದ್ದೆ. ಒಡೆದ ಸದ್ದೂ ನೆನಪಿದೆ, ಮೊದಲು ಠಪ್ ಅಂತು, ಆಮೇಲೆ ಚೂರು ಬಿದ್ದವು. ನೀನು ಅಳ್ಲಿಲ್ಲ. ಸುಮ್ನೆ ನನ್ನ ನೋಡ್ತಿದ್ದೆ.” ಅವಳು ಅವನ ಮುಖವನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಕಾಣಿಸುತ್ತಿತ್ತು. ಇಲ್ಲದ ನೆನಪು ಹೀಗೇ ಬೆಳೆಯುತ್ತದೆ ಎಂದು ಮೂರು ಪರೀಕ್ಷೆಗಳಲ್ಲಿ ಬರೆದು ಪಾಸಾದವಳು ಅವಳು.

ಬಾಗಿಲು ತೆರೆದು ಅಳತೆಯಣ್ಣ, “ಬನ್ನಿ ಸರ್” ಎಂದ. ಅಪ್ಪ ಮಡಿಚಿದ ಕಾಗದವನ್ನು ಅಂಗಿಯ ಜೇಬಿನೊಳಗೆ, ಕನ್ನಡಕದ ಹಿಂದೆ ಇಟ್ಟುಕೊಂಡ. “ಇದು ನನ್ನ ಹತ್ರ ಇರ್ಲಿ. ಇಂಥಾದ್ದೆಲ್ಲ ಬರೀಬೇಡ ಇನ್ನು. ಓದು ಬಿಡಬೇಡ” ಎಂದು ಎದ್ದ. ಎರಡು ಹೆಜ್ಜೆ ಹೋದವನು ನಿಂತು, ತಿರುಗಿ, ಅವಳ ಮುಖ ಬಿಟ್ಟು ಕೈ ನೋಡುತ್ತ ಕೇಳಿದ.

“ತುಂಬಾ ನೋವಾಗಿತ್ತೇನೇ?”

ಹತ್ತು ವರ್ಷದವಳಾಗಿ ಹನ್ನೆರಡು ದಿನ ಆ ಮಾತಿಗಾಗಿ ಕಾದಿದ್ದಳು. ಆಮೇಲೆ ಹದಿನಾರು ವರ್ಷ. ಇಲ್ಲ ಎಂದರೆ ಅದೂ ಸುಳ್ಳೇ ಆಗುತ್ತಿತ್ತು. ಮೇಲೆತ್ತಿದ್ದ ಅಂಗಿಯ ತೋಳನ್ನು ಇಳಿಸುವುದನ್ನೂ ಮರೆತು ಅವಳು ಬೆಂಚಿನ ಮೇಲೆ ಮಗುವಿನ ಹಾಗೆ ಅತ್ತಳು.

“ಹೂಂ ಅಪ್ಪ” ಎಂದಳು. “ತುಂಬಾ ನೋವಾಗಿತ್ತು.”

ಅಪ್ಪ ತಲೆಯಾಡಿಸಿದ. ಒಳಗೆ ಹೋದ. ಬಾಗಿಲ ಮೇಲಿನ ಕೆಂಪು ದೀಪ ಹತ್ತಿತು. ಅಳತೆಯಣ್ಣ ಯಂತ್ರಕ್ಕೆ ತಾರೀಕು, ವೇಳೆ, ನಲವತ್ತೇಳು ಎಂದು ಹೇಳುವುದು ಕೇಳಿಸಿತು, ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡದ್ದು. ಭಾಗವಹಿಸುವವರ ಮನೆಯವರು ಅಲ್ಲಿ ನಿಲ್ಲುವಂತಿರಲಿಲ್ಲ. ಕಾವಲುಗಾರ ಬಂದು, “ಮೇಡಂ, ಸ್ವಲ್ಪ ಆ ಕಡೆ ಹೋಗಿ” ಎಂದ.